ಒಂದೇ ಜಗುಲಿ, ಮೂರು ವಯಸ್ಸು: ಒಡಹುಟ್ಟಿದವರಿಗೆ ಮನೆಯಲ್ಲೇ ಓದು ಕಲಿಸುವ ಬಗೆ

ರಾಮನಗರ: ಮನೆಯಲ್ಲಿ ಹತ್ತು ವರ್ಷದ ಅಕ್ಕ, ಏಳು ವರ್ಷದ ತಮ್ಮ, ಐದು ತುಂಬದ ತಂಗಿ. ಮೂವರಿಗೂ ಓದು ಕಲಿಸಬೇಕು. ಅಕ್ಕನಿಗೆ ಪಾಠ ಹೇಳಲು ಕುಳಿತರೆ ತಂಗಿ ಪುಸ್ತಕ ಎಳೆಯುತ್ತಾಳೆ. ತಂಗಿಗೆ ಅಕ್ಷರ ತಿದ್ದಿಸಲು ಹೊರಟರೆ ತಮ್ಮ ಬೀದಿಗೆ ಓಡುತ್ತಾನೆ. ಮೂವರಿಗೂ ಬೇರೆ ಬೇರೆ ಪಾಠ ಮಾಡುವಷ್ಟು ಹೊತ್ತು ತಾಯಿಗೂ ಇಲ್ಲ, ತಂದೆಗೂ ಇಲ್ಲ. ಮಕ್ಕಳಿಗೆ ಮನೆಯಲ್ಲೇ ವಿದ್ಯಾಭ್ಯಾಸ ಕೊಡಿಸಲು ನಿರ್ಧರಿಸಿದ ಪೋಷಕರು ಮೊದಲು ಎಡವುವುದು ಇಲ್ಲಿಯೇ. ಶಾಲೆಗೆ ಕಳುಹಿಸಿ ಸಂಜೆ ಮಾತ್ರ ಓದಿಸುವ ಮನೆಗಳ ಪಾಡೂ ಇದಕ್ಕಿಂತ ಭಿನ್ನವಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡು 2007ರಲ್ಲಿ ರಚನೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇನ್ನೂ ಕೆಲವು ಸಿಕ್ಕುಗಳಿವೆ. ಇಲ್ಲಿ ರೇಷ್ಮೆ ಸಾಕುವ ಮನೆಗಳಿವೆ, ನೂಲು ಬಿಚ್ಚುವ ಮನೆಗಳಿವೆ, ಬೊಂಬೆ ಕಡೆಯುವ ಮನೆಗಳಿವೆ. ಮನೆಮಾತು ಉರ್ದು, ತೆಲುಗು ಅಥವಾ ತಮಿಳು ಆಗಿರುವ ಕುಟುಂಬಗಳೂ ಇವೆ. ಎಲ್ಲರಿಗೂ ಅನ್ವಯವಾಗುವ ಒಂದು ಸೂತ್ರ ಮಾತ್ರ ಉಂಟು: ವಯಸ್ಸಿಗೊಂದು ಪಾಠ ಬೇಡ; ಪಾಠ ಒಂದೇ ಇರಲಿ, ಕೆಲಸ ಮಾತ್ರ ಬೇರೆ ಬೇರೆ ಇರಲಿ.

ಹತ್ತೊಂಬತ್ತು ತಿಂಗಳ ಬಾಕಿ

ಮನೆಯೇ ಪಾಠಶಾಲೆಯಾಗುವುದು ಹೇಗಿರುತ್ತದೆ ಎಂಬುದನ್ನು ರಾಜ್ಯದ ಎಲ್ಲ ಕುಟುಂಬಗಳೂ ಒಮ್ಮೆ ಅನುಭವಿಸಿವೆ. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ವಠಾರಗಳಲ್ಲಿ ಪಾಠ ಮಾಡುವ ‘ವಿದ್ಯಾಗಮ’ ಯೋಜನೆ 2020ರ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡಿತು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆದರೂ ಅಕ್ಷರ ಕಲಿಯುವ ವಯಸ್ಸಿನ ಮಕ್ಕಳು ಸುಮಾರು ಹತ್ತೊಂಬತ್ತು ತಿಂಗಳು ತರಗತಿಯ ಹೊರಗೆ ಉಳಿದರು.

ಅಂದು ಒಂದನೆಯ ತರಗತಿಗೆ ಸೇರಬೇಕಿದ್ದ ಮಕ್ಕಳು ಇಂದು ಹಿರಿಯ ಪ್ರಾಥಮಿಕ ಹಂತವನ್ನು ದಾಟುತ್ತಿದ್ದಾರೆ. ಅವರ ತಮ್ಮ ತಂಗಿಯರು ಮಾತ್ರ ಶಾಲೆ ತೆರೆದ ಮೇಲೆ ಕ್ರಮವಾಗಿ ಅಕ್ಷರ ಕಲಿತವರು. ಹೀಗಾಗಿ ಕೆಲವು ಮನೆಗಳಲ್ಲಿ ಹಿರಿಯ ಮಗು ತಡವರಿಸುವ ಸಾಲನ್ನು ಕಿರಿಯ ಮಗು ಸರಾಗವಾಗಿ ಓದುವ ಸ್ಥಿತಿ ಉಂಟಾಗಿದೆ. ಹಿರಿಯನಿಗೆ ಇದು ಕಲಿಕೆಯ ತೊಂದರೆಗಿಂತ ಮೊದಲು ಮಾನದ ಪ್ರಶ್ನೆ. ಆತ ಪುಸ್ತಕ ಮುಚ್ಚಿಡುತ್ತಾನೆ, ಕಂಠಪಾಠ ಮಾಡಿ ಒಪ್ಪಿಸುತ್ತಾನೆ, ಇಲ್ಲವೇ ಓದುವ ಹೊತ್ತಿಗೆ ಬೇರೆ ಕೆಲಸ ಹುಡುಕುತ್ತಾನೆ. ಒಡಹುಟ್ಟಿದವರನ್ನು ಒಟ್ಟಿಗೆ ಕೂರಿಸಿ ಓದಿಸುವಾಗ ಈ ಸಂಕೋಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಯಾವ ವಿಧಾನವೂ ಫಲ ಕೊಡದು.

ಕಾಯ್ದೆ ಏನು ಹೇಳುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ನೀಡಿದೆ. ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಕಾಯ್ದೆಯ ಹತ್ತನೆಯ ಪ್ರಕರಣ ಹೇಳುತ್ತದೆ. ಆದರೆ ಸೇರಿಸದ ಪೋಷಕರಿಗೆ ಅದರಲ್ಲಿ ದಂಡನೆ ವಿಧಿಸಿಲ್ಲ. ಮನೆಯಲ್ಲೇ ಕಲಿಸುವ ಪದ್ಧತಿಯನ್ನು ಕಾಯ್ದೆ ಹೆಸರಿಸಿ ಒಪ್ಪಿಯೂ ಇಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಇಂತಹ ಮಕ್ಕಳಲ್ಲಿ ಅನೇಕರು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳ ಮೂಲಕ ಪ್ರಮಾಣಪತ್ರ ಪಡೆಯುತ್ತಾರೆ.

ಪೋಷಕರು ವಿಶೇಷವಾಗಿ ತಿಳಿದಿರಬೇಕಾದದ್ದು ನಾಲ್ಕನೆಯ ಪ್ರಕರಣ. ಶಾಲೆಯ ಹೊರಗೆ ಉಳಿದಿದ್ದ ಮಗುವನ್ನು ಯಾವಾಗ ಸೇರಿಸಿದರೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಸಹಪಾಠಿಗಳ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗೆ ಇದೆ. ಮನೆಯ ಪಾಠ ಸಾಕೆನಿಸಿ ಹತ್ತು ವರ್ಷದ ಮಗಳನ್ನು ಶಾಲೆಗೆ ಸೇರಿಸಿದರೆ ಆಕೆ ಕೂರುವುದು ಐದನೆಯ ತರಗತಿಯ ಆಸುಪಾಸಿನಲ್ಲಿ. ಅಲ್ಲಿ ಪರಿಸರ ಅಧ್ಯಯನವನ್ನೂ ಗಣಿತದ ಸಮಸ್ಯೆಯನ್ನೂ ಓದಿಯೇ ತಿಳಿಯಬೇಕು. ಮನೆಯಲ್ಲಿ ಬೇರೇನು ಬಿಟ್ಟುಹೋದರೂ ನಡೆದೀತು, ಓದು ಮಾತ್ರ ಬಿಟ್ಟುಹೋಗಬಾರದು ಎನ್ನುವುದು ಇದಕ್ಕಾಗಿ.

ಕನ್ನಡ ಲಿಪಿಯ ಮೂರು ಮೆಟ್ಟಿಲು

ಕನ್ನಡ ಓದುವುದಕ್ಕೆ ಲಿಪಿಯೇ ಮೂರು ಮೆಟ್ಟಿಲು ಕಟ್ಟಿಕೊಟ್ಟಿದೆ. ಮೊದಲನೆಯದು ಮೂಲಾಕ್ಷರಗಳು: ಸ್ವರ, ಯೋಗವಾಹ, ವ್ಯಂಜನ ಸೇರಿ 49. ಎರಡನೆಯದು ಗುಣಿತಾಕ್ಷರಗಳು. ‘ಕ’ದಿಂದ ‘ಕಃ’ವರೆಗೆ ಒಂದು ವ್ಯಂಜನಕ್ಕೆ 15 ರೂಪ, 34 ವ್ಯಂಜನಗಳಿಗೆ ಒಟ್ಟು 510 ರೂಪ. ಮೂರನೆಯದು ಒತ್ತಕ್ಷರಗಳು. ಇಂಗ್ಲಿಷಿನ 26 ಅಕ್ಷರಗಳನ್ನು ಕೆಲವೇ ತಿಂಗಳಲ್ಲಿ ಗುರುತಿಸಿದ ಮಗು ಕನ್ನಡಕ್ಕೆ ಮೂರು ನಾಲ್ಕು ವರ್ಷ ತೆಗೆದುಕೊಂಡರೆ ಅದು ಮಗುವಿನ ದಡ್ಡತನವಲ್ಲ, ಲಿಪಿಯ ವಿಸ್ತಾರ.

ಕನ್ನಡ ಮಾಧ್ಯಮದ ಮಕ್ಕಳ ಆರಂಭಿಕ ಓದನ್ನು ಕುರಿತು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿದೆ. ಅಕ್ಷರಗಳ ಪೂರ್ಣ ಪರಿಚಯ ಒಂದನೆಯ ತರಗತಿಯಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು ಅದರ ಸಾರ. ಆದ್ದರಿಂದ ಐದು, ಏಳು, ಹತ್ತು ವರ್ಷದ ಮೂವರೂ ಒಂದೇ ಏಣಿಯ ಬೇರೆ ಬೇರೆ ಮೆಟ್ಟಿಲುಗಳ ಮೇಲೆ ಇರುತ್ತಾರೆ. ಅವರನ್ನು ಒಟ್ಟಿಗೆ ಕೂರಿಸಲು ಸಾಧ್ಯವಾಗುವುದು ಇದೇ ಕಾರಣದಿಂದ.

ಮೂರನೆಯ ಮೆಟ್ಟಿಲು ಏಕೆ ಕಷ್ಟ ಎಂಬುದಕ್ಕೆ ಈ ಜಿಲ್ಲೆಯ ಉಸಿರಾಗಿರುವ ‘ರೇಷ್ಮೆ’ ಎಂಬ ಪದವೇ ಸಾಕ್ಷಿ. ಕಣ್ಣಿಗೆ ಮೊದಲು ಕಾಣುವುದು ಎತ್ವ ಹೊತ್ತ ‘ಷ’. ಅದರ ಬುಡದಲ್ಲಿ ಮಕಾರದ ಒತ್ತು. ಬಾಯಿ ಮಾತ್ರ ಮೊದಲು ಷಕಾರವನ್ನು, ಬಳಿಕ ಮಕಾರವನ್ನು, ಕೊನೆಗೆ ಎಕಾರವನ್ನು ಉಚ್ಚರಿಸಬೇಕು. ಮಗು ಇದನ್ನು ‘ರೇಷೆಮ’ ಎಂದು ಓದಿದರೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ ಎಂದು ತಿಳಿಯಬೇಕು. ಬೈಗುಳಕ್ಕಿಂತ ಬಿಡಿಸಿ ತೋರಿಸುವುದು ಮೇಲು.

ನಾಲ್ಕು ಊರ ಹೆಸರು, ಒಂದು ಪಾಠ

ಪಾಠ ಒಂದು, ಕೆಲಸ ಮೂರು ಎಂಬುದನ್ನು ಆರಂಭಿಸಲು ದುಬಾರಿ ಸಾಮಗ್ರಿ ಬೇಕಿಲ್ಲ. ಸಾರಿಗೆ ಬಸ್ಸಿನ ನಾಮಫಲಕ ಸಾಕು. ಈ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳನ್ನು ಒಂದು ಹಲಗೆಯ ಮೇಲೆ ಬರೆದರೆ ಮೂರು ಮೆಟ್ಟಿಲುಗಳೂ ಅಲ್ಲಿಯೇ ಕಾಣುತ್ತವೆ.

‘ರಾಮನಗರ’ದ ‘ನಗರ’ ಮತ್ತು ‘ಕನಕಪುರ’ದ ‘ಕನಕ’ ಯಾವ ಗುಣಿತವೂ ಇಲ್ಲದ ಪದಗಳು. ಮೂಲಾಕ್ಷರ ಕಲಿಯುತ್ತಿರುವ ಕಿರಿಯ ಮಗು ಇವನ್ನು ಓದಬಲ್ಲದು. ‘ರಾಮ’, ‘ಪುರ’, ‘ಮಾಗಡಿ’ ಎಂಬಲ್ಲಿ ದೀರ್ಘ, ಕೊಂಬು, ಗುಡಿಸುಗಳು ಬರುತ್ತವೆ. ಇವು ನಡುವಿನ ಮಗುವಿನ ಪಾಲು. ‘ಚನ್ನಪಟ್ಟಣ’ದಲ್ಲಿ ಎರಡು ಒತ್ತಕ್ಷರಗಳಿವೆ. ಒಂದರಲ್ಲಿ ಟಕಾರದ ಒತ್ತು ಮೂಲರೂಪವನ್ನೇ ಹೋಲುತ್ತದೆ, ಇನ್ನೊಂದರಲ್ಲಿ ನಕಾರದ ಒತ್ತು ಮೂಲಕ್ಕಿಂತ ಬೇರೆಯಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಹಿರಿಯ ಮಗು ತಾನೇ ಕಂಡುಹಿಡಿಯಲಿ.

ಇಷ್ಟು ಮುಗಿದ ಮೇಲೆ ಸುತ್ತಲಿನ ಹೆಸರುಗಳಿವೆ. ‘ಬಿಡದಿ’ಯಲ್ಲಿ ಗುಡಿಸು ಎರಡು ಸಲ ಬರುತ್ತದೆ. ‘ಕುದೂರು’ ಎಂಬ ಒಂದೇ ಪದದಲ್ಲಿ ಕೊಂಬು ಮತ್ತು ಕೊಂಬಿನಿಳಿ ಎರಡನ್ನೂ ಹೋಲಿಸಬಹುದು. ‘ಕಣ್ವ’ ಜಲಾಶಯದ ಹೆಸರಿನಲ್ಲಿ ವಿಜಾತೀಯ ಒತ್ತು ಇದೆ. ‘ಅರ್ಕಾವತಿ’ ನದಿಯ ಹೆಸರಿನಲ್ಲಂತೂ ಅರ್ಕಾವತ್ತೇ ಅಡಗಿದೆ! ಮೊದಲು ಉಚ್ಚರಿಸುವ ರಕಾರವನ್ನು ಅಕ್ಷರದ ನಂತರ ಬರೆಯುವ ಈ ಚಿಹ್ನೆ ಮಕ್ಕಳನ್ನು ಬಹುಕಾಲ ಕಾಡುತ್ತದೆ. ಊರ ಹೊಳೆಯ ಹೆಸರಿನಿಂದ ಕಲಿತರೆ ಮರೆಯುವುದಿಲ್ಲ. ‘ಸಾವನದುರ್ಗ’ದಲ್ಲೂ ಅದೇ ಚಿಹ್ನೆ ಇದೆ ಎಂದು ಹುಡುಕಿ ತೋರಿಸುವ ಕೆಲಸವನ್ನು ಹಿರಿಯ ಮಗುವಿಗೆ ವಹಿಸಬಹುದು.

ನಲಿ–ಕಲಿಯ ಅನುಭವ

ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವುದು ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ‘ನಲಿ–ಕಲಿ’ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಅದಕ್ಕೆ ರೂಪ ಕೊಟ್ಟರು. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು.

ಮನೆಯವರು ಅದರಿಂದ ಎರಡು ಸಂಗತಿಗಳನ್ನು ಎರವಲು ಪಡೆಯಬಹುದು. ಒಂದು, ಅಕ್ಷರಗಳ ಕ್ರಮ. ನಲಿ–ಕಲಿಯಲ್ಲಿ ಮಗು ‘ಅ, ಆ, ಇ, ಈ’ ಎಂದು ವರ್ಣಮಾಲೆ ಮುಗಿಸುವವರೆಗೆ ಕಾಯುವುದಿಲ್ಲ. ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಇಷ್ಟರಲ್ಲೇ ಸರ, ರಸ, ಅರಸ, ಅಗಸ, ದಸರ ಎಂಬ ಪದಗಳು ಸಿದ್ಧ. ಮುಂದಿನ ‘ಜ, ವ, ಮ, ಬ, ನ’ ಸೇರಿದರೆ ಮರ, ಜನ, ವನ, ನಗರ ಓದಬಹುದು. ಕೆಲವೇ ವಾರಗಳಲ್ಲಿ ‘ನಾನೂ ಓದಬಲ್ಲೆ’ ಎಂಬ ಧೈರ್ಯ ಕಿರಿಯ ಮಗುವಿಗೆ ಬರುತ್ತದೆ.

ಎರಡು, ಗುಂಪುಗಳ ಹಂಚಿಕೆ. ನಲಿ–ಕಲಿ ಕೋಣೆಯಲ್ಲಿ ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಿರುತ್ತವೆ. ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಭಾಗಶಃ ನೆರವು, ಕೊನೆಗೆ ಸ್ವಂತ ಕಲಿಕೆ. ಮಗು ಯಾವ ತಟ್ಟೆಯಲ್ಲಿ ಕೂರಬೇಕೆಂಬುದನ್ನು ವಯಸ್ಸು ನಿರ್ಧರಿಸುವುದಿಲ್ಲ, ಅಂದಿನ ಚಟುವಟಿಕೆ ನಿರ್ಧರಿಸುತ್ತದೆ. ಮನೆಯಲ್ಲಿ ಮೂರು ತಟ್ಟೆ ಸಾಕು: ಅಮ್ಮನ ಪಕ್ಕ, ಅಕ್ಕನ ಪಕ್ಕ, ತಾನೊಬ್ಬನೇ. ಪ್ರತಿ ಮಗುವೂ ಪ್ರತಿದಿನ ಒಮ್ಮೆಯಾದರೂ ಹಿರಿಯರ ಪಕ್ಕದ ತಟ್ಟೆಯಲ್ಲಿ ಕುಳಿತಿರಬೇಕು ಎಂಬ ನಿಯಮ ಮುಖ್ಯ. ಚೆನ್ನಾಗಿ ಓದುತ್ತಾಳೆಂದು ಅಕ್ಕನನ್ನು ಸದಾ ಒಂಟಿಯಾಗಿ ಬಿಟ್ಟರೆ ಆಕೆಯ ಓದು ಅಲ್ಲಿಯೇ ನಿಲ್ಲುತ್ತದೆ.

ಅರ್ಧ ಗಂಟೆ ಸಾಕು

ದಿನವೂ ಮೂವತ್ತು ನಿಮಿಷ ತಪ್ಪದೆ ಸಿಗುವುದಾದರೆ ಅದನ್ನು ಹೀಗೆ ಹಂಚಬಹುದು.

ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ. ಹಿರಿಯರೊಬ್ಬರು ಕಥೆಯನ್ನು ಗಟ್ಟಿಯಾಗಿ, ಸಾಲಿನ ಕೆಳಗೆ ಬೆರಳಿಡುತ್ತ ಓದಬೇಕು. ಓದು ಎಡದಿಂದ ಬಲಕ್ಕೆ ಸಾಗುತ್ತದೆ, ಕಂಡ ಗುರುತಿಗೂ ಕೇಳಿದ ದನಿಗೂ ಸಂಬಂಧವಿದೆ ಎಂಬುದು ಕಿರಿಯ ಮಗುವಿಗೆ ತಿಳಿಯುವುದು ಹೀಗೆಯೇ. ಕಥೆ ಹಿರಿಯ ಮಗುವಿನ ಮಟ್ಟದ್ದೇ ಆಗಿದ್ದರೂ ಅಡ್ಡಿಯಿಲ್ಲ. ಮಗು ಓದಬಲ್ಲದ್ದಕ್ಕಿಂತ ಹೆಚ್ಚಿನದನ್ನು ಕೇಳಿ ತಿಳಿಯಬಲ್ಲದು.

ನಂತರದ ಹದಿನೈದು ನಿಮಿಷ ಒಂದು ವಾಕ್ಯದ ಕೆಲಸ. ಮಕ್ಕಳಲ್ಲೊಬ್ಬರು ಹೇಳಿದ ವಾಕ್ಯವನ್ನೇ ದೊಡ್ಡದಾಗಿ ಬರೆಯಬೇಕು. ಉದಾಹರಣೆಗೆ ‘ಅಜ್ಜಿ ಕನಕಪುರದ ಸಂತೆಯಿಂದ ಅವರೆಕಾಯಿ ತಂದರು’. ಕಿರಿಯವಳು ರಕಾರ ಎಲ್ಲೆಲ್ಲಿದೆ ಎಂದು ಹುಡುಕುತ್ತಾಳೆ. ‘ಪುರ’ದಲ್ಲಿ ಅದು ಸ್ವಂತ ರೂಪದಲ್ಲಿದೆ, ‘ಅವರೆ’ ಮತ್ತು ‘ತಂದರು’ ಎಂಬಲ್ಲಿ ವೇಷ ಬದಲಿಸಿದೆ. ನಡುವಿನವನು ವಾಕ್ಯವನ್ನು ಪದ ಪದವಾಗಿ ಓದುತ್ತಾನೆ, ‘ಅವರೆಕಾಯಿ’ ಬದಲು ‘ಹಲಸಿನಕಾಯಿ’ ಎಂದು ಬರೆಯುತ್ತಾನೆ. ಹಿರಿಯವಳು ‘ಅಜ್ಜಿ’ಯ ಒತ್ತನ್ನು ಬಿಡಿಸಿ ಹೇಳಿ, ಅಜ್ಜಿ ಮುಂದೇನು ಮಾಡಿದರು ಎಂಬುದನ್ನು ನಾಲ್ಕು ಸಾಲು ಬರೆದು ಎಲ್ಲರಿಗೂ ಓದಿ ಹೇಳುತ್ತಾಳೆ. ಚನ್ನಪಟ್ಟಣದ ಸಾದಾ ಮರದ ತುಂಡುಗಳು ಮನೆಯಲ್ಲಿದ್ದರೆ ಸೀಮೆಸುಣ್ಣದಿಂದ ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದು ಪದ ಜೋಡಿಸಲು ಕೊಡಬಹುದು. ಅಳಿಸಿ ಮತ್ತೆ ಬರೆಯಲೂ ಬರುತ್ತದೆ.

ಕೊನೆಯ ಐದು ನಿಮಿಷ ಮೌನ. ಪ್ರತಿಯೊಬ್ಬರ ಕೈಯಲ್ಲೂ ತಮಗೆ ಸುಲಭವೆನಿಸುವ ಪುಸ್ತಕ. ಓದು ಬಾರದ ಮಗು ಚಿತ್ರ ನೋಡಲಿ. ಆ ಐದು ನಿಮಿಷ ಹಿರಿಯರ ಕೈಯಲ್ಲೂ ಮೊಬೈಲ್ ಬದಲು ಪುಸ್ತಕವಿರುವುದು ಒಳ್ಳೆಯದು.

ರೇಷ್ಮೆ ಸಾಕುವ ಮನೆಗಳಲ್ಲಿ ಈ ವೇಳಾಪಟ್ಟಿ ಎಲ್ಲ ದಿನವೂ ನಡೆಯುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವ ದಿನಗಳಲ್ಲಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಮನೆಮಂದಿಗೆಲ್ಲ ಬಿಡುವಿರದು. ಅಂತಹ ದಿನಗಳಲ್ಲಿ ವಾಕ್ಯದ ಕೆಲಸ ಬಿಟ್ಟು ಮಲಗುವ ಮುನ್ನ ಹತ್ತು ನಿಮಿಷ ಗಟ್ಟಿ ಓದು ಇಟ್ಟುಕೊಂಡರೆ ಸರಪಳಿ ಕಡಿಯುವುದಿಲ್ಲ. ವಾರಕ್ಕೊಮ್ಮೆ ಮೂರು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಲೇಸು.

ಅಕ್ಕಿಯೋ, ಹಕ್ಕಿಯೋ?

ಹಳೆ ಮೈಸೂರು ಸೀಮೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ಜಾರುವುದುಂಟು. ಹಾಲು ‘ಆಲು’ ಆಗುತ್ತದೆ, ಹಕ್ಕಿ ‘ಅಕ್ಕಿ’ಯಾಗುತ್ತದೆ. ಮಹಾಪ್ರಾಣಗಳೂ ಸಡಿಲವಾಗುತ್ತವೆ. ಹೀಗೆ ಮಾತನಾಡುವ ಮಗು ಹಕ್ಕಿಯ ಚಿತ್ರದ ಕೆಳಗೆ ‘ಅಕ್ಕಿ’ ಎಂದು ಬರೆದರೆ ಅದಕ್ಕೆ ಅಕ್ಷರ ತಿಳಿದಿಲ್ಲ ಎಂದಲ್ಲ. ತನ್ನ ಕಿವಿಗೆ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ. ನಗೆಯಾಡಿದರೆ ಮಗು ಬಾಯಿ ಮುಚ್ಚುತ್ತದೆ. ‘ನಾವು ಆಡುವುದು ಹೀಗೆ, ಪುಸ್ತಕದಲ್ಲಿ ಬರೆಯುವುದು ಹೀಗೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಅದೇ ಒಂದು ಪಾಠವಾಗುತ್ತದೆ. ಅಕ್ಕಿ–ಹಕ್ಕಿ, ಅಣ್ಣು–ಹಣ್ಣು ಎಂಬ ಜೋಡಿಗಳನ್ನು ಪಟ್ಟಿ ಮಾಡುವುದು ಹಿರಿಯ ಮಗುವಿಗೆ ಒಳ್ಳೆಯ ಆಟ.

ಮನೆಮಾತು ಉರ್ದು ಆಗಿರುವ ರಾಮನಗರ, ಚನ್ನಪಟ್ಟಣದ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬಲದಿಂದ ಎಡಕ್ಕೆ ಸಾಗುವ ಲಿಪಿಯನ್ನು ಅಕ್ಕ ಕಲಿಯುತ್ತಿರುವಾಗ ಎಡದಿಂದ ಬಲಕ್ಕೆ ಸಾಗುವ ಕನ್ನಡವನ್ನು ತಮ್ಮ ಆರಂಭಿಸಿರುತ್ತಾನೆ. ಪುಟದ ಮೂಲೆಯಲ್ಲಿ ಓದು ಎಲ್ಲಿಂದ ಶುರುವೆಂದು ಒಂದು ಬಾಣ ಹಾಕಿದರೆ ಗೊಂದಲ ತಪ್ಪುತ್ತದೆ. ಅರ್ಥ ತಿಳಿಯದ ಕನ್ನಡ ಪದವನ್ನು ಓದಿಸುವುದಕ್ಕಿಂತ ಮೊದಲು ಆ ಪದವನ್ನು ಮಾತಿನಲ್ಲಿ ಬಳಸಿ, ವಸ್ತು ತೋರಿಸಿ ಪರಿಚಯಿಸುವುದು ಅಗತ್ಯ. ಅರ್ಥವಿಲ್ಲದ ಓದು ಬರಿಯ ಉಚ್ಚಾರಣೆಯಷ್ಟೆ.

ಅಕ್ಕ ಮೇಷ್ಟ್ರಲ್ಲ

ಒಡಹುಟ್ಟಿದವರಿಂದ ಕಲಿಯುವುದರಲ್ಲಿ ದೊಡ್ಡ ಅನುಕೂಲವಿದೆ. ಎಲ್ಲಿ ಕಷ್ಟವಾಯಿತೆಂಬ ನೆನಪು ಅಕ್ಕನಿಗೆ ಇನ್ನೂ ಹಸಿಯಾಗಿರುತ್ತದೆ. ಹೇಳಿಕೊಡುವುದರಿಂದ ಆಕೆಯ ಓದೂ ಗಟ್ಟಿಯಾಗುತ್ತದೆ. ಆದರೆ ಇದಕ್ಕೆ ಮಿತಿ ಬೇಕು. ಹಿರಿಯ ಹೆಣ್ಣುಮಗಳಿಗೆ ತಮ್ಮನನ್ನು ಎತ್ತಿಕೊಳ್ಳುವ, ನೀರು ತರುವ ಕೆಲಸದ ಜೊತೆಗೆ ಓದಿಸುವ ಹೊಣೆಯನ್ನೂ ಹೊರಿಸಿದರೆ ಆಕೆಯ ಓದಿನ ಹೊತ್ತು ಕರಗುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷ ಮೀರದಂತೆ ನೋಡಿಕೊಳ್ಳಬೇಕು. ಬೈಯುವ, ಹೊಡೆಯುವ ಅಧಿಕಾರ ಆಕೆಗೂ ಬೇಡ.

ಕಿರಿಯನು ಮುಂದಿದ್ದು ಹಿರಿಯನು ಹಿಂದಿರುವ ಮನೆಯಲ್ಲಿ ಉಪಾಯ ಬೇರೆ. ಹಿರಿಯನಿಗೆ ನೇರವಾಗಿ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವೆನಿಸುತ್ತದೆ. ‘ರಾತ್ರಿ ತಂಗಿಗೆ ಈ ಕಥೆ ಓದಿ ಹೇಳು’ ಎಂದು ಅದೇ ಪುಸ್ತಕವನ್ನು ಮಧ್ಯಾಹ್ನವೇ ಕೈಗಿತ್ತರೆ ಆತ ಗುಟ್ಟಾಗಿ ನಾಲ್ಕು ಸಲ ಓದಿ ಸಿದ್ಧನಾಗುತ್ತಾನೆ. ಅಣ್ಣನ ಸ್ಥಾನವೂ ಉಳಿಯುತ್ತದೆ, ಬಿಟ್ಟುಹೋದ ಅಭ್ಯಾಸವೂ ಆಗುತ್ತದೆ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವ ಪದ್ಧತಿಯನ್ನು ಮಾತ್ರ ಬಿಡಬೇಕು. ‘ನೋಡು, ನಿನಗಿಂತ ಚಿಕ್ಕವಳು ಓದುತ್ತಾಳೆ’ ಎಂಬ ಒಂದು ಮಾತು ತಿಂಗಳ ಶ್ರಮವನ್ನು ಹಾಳುಮಾಡೀತು.

ನೆರವು ಕೇಳಬೇಕಾದದ್ದು ಯಾವಾಗ?

ಒತ್ತಕ್ಷರದಲ್ಲಿ ತಡವರಿಸುವುದು ಎಂಟು ವರ್ಷದವರೆಗೂ ಸಹಜ. ಆದರೆ ಎರಡು ವರ್ಷ ನಿಯಮಿತವಾಗಿ ಕಲಿಸಿದರೂ ಮೂಲಾಕ್ಷರಗಳೇ ನಿಲ್ಲದಿದ್ದರೆ, ನಿನ್ನೆ ಓದಿದ ಪದ ಇಂದು ಅಪರಿಚಿತವಾದರೆ, ಮಾತಿನಲ್ಲಿ ಚುರುಕಾದ ಮಗು ಪುಸ್ತಕ ಕಂಡೊಡನೆ ಹೊಟ್ಟೆನೋವೆಂದು ಅಳುತ್ತಿದ್ದರೆ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಬೇಕು. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಈ ಪರೀಕ್ಷೆ ನಡೆಯುತ್ತದೆ. ಎರಡು ನಗರಗಳ ನಡುವಿರುವ ಈ ಜಿಲ್ಲೆಯವರಿಗೆ ಎರಡೂ ದೂರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಇಂತಹ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಮಾತ್ರ ಈ ತೊಂದರೆ ಇರುವುದು ಸಾಧ್ಯ. ಅದೇ ಮನೆ, ಅದೇ ಪಾಠ, ಒಬ್ಬನಿಗೆ ಮಾತ್ರ ಬರುತ್ತಿಲ್ಲವೆಂದರೆ ಸೋಮಾರಿ ಎಂದು ತೀರ್ಮಾನಿಸುವ ಮುನ್ನ ಪರೀಕ್ಷೆ ಆಗಲಿ.

ಪುಸ್ತಕ ಎಲ್ಲಿ ಸಿಗುತ್ತದೆ?

ಮೂರು ವಯಸ್ಸಿಗೆ ಮೂರು ಬಗೆಯ ಪುಸ್ತಕ ಕೊಳ್ಳುವುದು ಎಲ್ಲರಿಗೂ ಆಗದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರ್‌ನಲ್ಲಿ ಆರಂಭವಾಯಿತು. ಇಂದು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿರುವ ಈ ಗ್ರಂಥಾಲಯಗಳಿಗೆ ಮೂವರನ್ನೂ ಕರೆದೊಯ್ದು ತಮ್ಮ ಪುಸ್ತಕವನ್ನು ತಾವೇ ಆರಿಸಲು ಬಿಡಬೇಕು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿ ಉಚಿತವಾಗಿ ದೊರೆಯುತ್ತವೆ. ಸರ್ಕಾರಿ ಪಠ್ಯಪುಸ್ತಕಗಳನ್ನೂ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು.

ಪುಸ್ತಕವಿಲ್ಲದ ಕಲಿಕೆಗೂ ಈ ಜಿಲ್ಲೆಯಲ್ಲಿ ಬಡತನವಿಲ್ಲ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಹೆದ್ದಾರಿಯ ಬದಿಯಲ್ಲೇ ಇದೆ. ಅಲ್ಲಿನ ವಸ್ತುಗಳ ಮುಂದೆ ನಿಂತು ಫಲಕಗಳನ್ನು ಮೂವರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಓದಬಹುದು. ಮನೆಯ ಅಜ್ಜಿ ಹೇಳುವ ಒಗಟು, ಗಾದೆಗಳೂ ದನಿಯನ್ನು ಬಿಡಿಸಿ ಕೇಳುವ ಅಭ್ಯಾಸ ಕೊಡುತ್ತವೆ. ಅವನ್ನು ಬರೆದಿಟ್ಟರೆ ಮನೆಯಲ್ಲೇ ಒಂದು ವಾಚನ ಪುಸ್ತಕ ಸಿದ್ಧವಾಗುತ್ತದೆ.

ಮನೆಯಲ್ಲಿ ಕಲಿಸುವ ಪೋಷಕರು ಬಿ.ಇಡಿ. ಮಾಡಿರಬೇಕಿಲ್ಲ. ಯಾವ ಮಗು ಯಾವ ಮೆಟ್ಟಿಲ ಮೇಲಿದೆ ಎಂಬುದನ್ನು ವಾರಕ್ಕೊಮ್ಮೆ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡರೆ ಸಾಕು. ಅಲ್ಲಿ ಪ್ರತಿ ಮಗುವಿಗೂ ಬೇರೆ ಪುಟವಿರಲಿ. ಇಂದಿನ ಗುರುತನ್ನು ಆ ಮಗುವಿನದೇ ಕಳೆದ ತಿಂಗಳ ಗುರುತಿನೊಂದಿಗೆ ಹೋಲಿಸಬೇಕು, ಪಕ್ಕದಲ್ಲಿ ಕುಳಿತ ಒಡಹುಟ್ಟಿನ ಪುಟದೊಂದಿಗೆ ಅಲ್ಲ.